ಗುಟುಕಿನ ಚರಿತ್ರೆ

ಮೂಗಿನ ನಳಿಕೆ ತೆಗೆದ ಮಾರನೆಯ ದಿನ ಬೆಳಿಗ್ಗೆ ಒಂದು ಮಾತ್ರೆ ನನ್ನ ಗಂಟಲಲ್ಲಿ ನಿಂತುಬಿಟ್ಟಿತು. ದೊಡ್ಡದೇನಲ್ಲ, ಹುಣಸೆಬೀಜದ ಅರ್ಧದಷ್ಟಿತ್ತು. ನೀರು ಕುಡಿದರೆ ನೀರಷ್ಟೇ ಪಕ್ಕದಿಂದ ಇಳಿಯುತ್ತಿತ್ತು, ಮಾತ್ರೆ ಅಲ್ಲೇ ಕರಗಿ ಕಹಿಯಾಗುತ್ತಿತ್ತು. ಅಕ್ಕ ಬೆನ್ನು ಸವರುತ್ತ, 'ಹೆದರಬೇಡ ಮಾರಾಯ, ಇಳೀತದೆ' ಎಂದಳು. ಹೆದರಿದ್ದು ಅವಳೇ ಎಂದು ಅವಳ ಕೈಯಿಂದ ಗೊತ್ತಾಗುತ್ತಿತ್ತು.

ನಾಲಿಗೆಯ ಬುಡದ ಕ್ಯಾನ್ಸರಿಗೆ 33 ದಿನ ರೇಡಿಯೇಶನ್ ಆಗಿತ್ತು. ಕಾಯಿಲೆ ಹೋಗಿದೆ ಎಂದು ಡಾಕ್ಟರು ಹೇಳಿದ್ದರು. ಕಾಯಿಲೆಯ ಜತೆಗೆ ಜೊಲ್ಲೂ ಹೋಗಿತ್ತು, ರುಚಿಯೂ ಹೋಗಿತ್ತು. ಜೊಲ್ಲಿನ ಗ್ರಂಥಿಗಳು ಕಿರಣದ ದಾರಿಯಲ್ಲೇ ಇರುತ್ತವಂತೆ. ಬಾಯಿ ಒಣಗಿದಾಗ ತಿಳಿಯಿತು: ನಾವು ನುಂಗುವುದು ಅನ್ನವನ್ನಲ್ಲ, ಜೊಲ್ಲಿನಲ್ಲಿ ನೆನೆದ ಅನ್ನವನ್ನು. ಅಪ್ಪೆಮಿಡಿಯ ಭರಣಿ ಇರುವ ಮನೆಯಲ್ಲಿ ಕೂತು ಪಾಯಸ ಮಣ್ಣಿನಂತಿದೆ, ಹಾಲು ಲೋಹದಂತಿದೆ ಎಂದರೆ ಯಾರು ನಂಬುತ್ತಾರೆ?

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಇತಿಹಾಸ ಹೇಳಿದವನು ನಾನು. ಸಾಮ್ರಾಜ್ಯಗಳು ಏಳುವುದು ಬೀಳುವುದು ನನಗೆ ಬಾಯಿಪಾಠ. ಆದರೆ ಗಂಟಲಲ್ಲಿ ಸಿಕ್ಕಿಕೊಂಡ ಈ ಬಿಳಿ ಬಿಲ್ಲೆ ಎಲ್ಲಿಂದ ಬಂತು ಎಂದು ಯಾವತ್ತೂ ಕೇಳಿಕೊಂಡಿರಲಿಲ್ಲ. ಹುಡುಕಿದಾಗ ಸಿಕ್ಕವನು ವೈದ್ಯನಲ್ಲ, ಒಬ್ಬ ಚಿತ್ರಕಾರ. ಇಂಗ್ಲೆಂಡಿನ ವಿಲಿಯಂ ಬ್ರಾಕ್‌ಡನ್. ಒಳ್ಳೆಯ ಪೆನ್ಸಿಲ್ ಬೇಕೆಂದು ಸೀಸದ ಕಡ್ಡಿಯ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡುವ ವಿಧಾನ ಕಂಡುಕೊಂಡ. ಔಷಧಿಯ ಪುಡಿಯನ್ನೂ ಹಾಗೇ ಒತ್ತಬಹುದಲ್ಲ ಎಂದು 1843ರಲ್ಲಿ ಪೇಟೆಂಟ್ ಪಡೆದ. ನಮ್ಮ ಮಾತ್ರೆ ಪೆನ್ಸಿಲ್ಲಿನ ತಮ್ಮ. ಬರೋಸ್ ವೆಲ್‌ಕಮ್ ಎಂಬ ಕಂಪನಿ 1884ರಲ್ಲಿ ಇಂಥ ಒತ್ತಿದ ಔಷಧಿಗೆ 'ಟ್ಯಾಬ್ಲಾಯ್ಡ್' ಎಂಬ ಹೆಸರನ್ನು ನೋಂದಾಯಿಸಿತು. ದೊಡ್ಡದನ್ನು ಒತ್ತಿ ಚಿಕ್ಕದು ಮಾಡುವುದೆಂಬ ಅರ್ಥ ಹಿಡಿದು ಆ ಹೆಸರು ಪತ್ರಿಕೆಗಳಿಗೆ ಅಂಟಿಕೊಂಡದ್ದು ಆಮೇಲೆ. ಸುದ್ದಿ ನುಂಗುವುದು ಸುಲಭವಾಯಿತೋ ಏನೋ, ಮಾತ್ರೆಯ ಮಾತು ಬೇರೆ.

ಅಕ್ಕನ ಮನೆಯಲ್ಲಿ ಈ ಚರಿತ್ರೆ ಹಿಂದಕ್ಕೆ ಓಡಿತ್ತು. ಯಂತ್ರ ಒತ್ತಿದ್ದನ್ನು ಅವಳು ಏಲಕ್ಕಿ ಕುಟ್ಟುವ ಪುಟ್ಟ ಕಲ್ಲಿನಲ್ಲಿ ಮತ್ತೆ ಪುಡಿ ಮಾಡುತ್ತಿದ್ದಳು. ನಳಿಕೆ ಇದ್ದಷ್ಟು ದಿನ ಅದೇ ಕ್ರಮ: ಮೊದಲು ಸಿರಿಂಜಿನಲ್ಲಿ ನೀರು, ಆಮೇಲೆ ಪುಡಿ ಕಲಸಿದ ನೀರು, ಕೊನೆಗೆ ಮತ್ತೆ ನೀರು, ಇಲ್ಲವಾದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಒಂದು ದಿನ ನರ್ಸಮ್ಮ ಫೋನಿನಲ್ಲಿ ಮಾತ್ರೆಗಳ ಹೆಸರು ಕೇಳಿ ಗಾಬರಿಯಾದರು. ಅದರಲ್ಲೊಂದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಲೆಂದೇ ಮಾಡಿದ್ದು. ಕುಟ್ಟಿದರೆ ಇಡೀ ದಿನದ ಔಷಧಿ ಒಮ್ಮೆಗೇ ಮೈಗೆ ಏರುತ್ತದೆ. ಡಾಕ್ಟರನ್ನು ಕೇಳಿ ಅದರ ಬದಲು ದ್ರವದ ಔಷಧಿ ಬರೆಸಿಕೊಟ್ಟರು. ಅಕ್ಕ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಆ ನಳಿಕೆಯ ಕಥೆಯೂ ಇದೆ. 1790ರ ಸುಮಾರಿಗೆ ಲಂಡನ್ನಿನ ಜಾನ್ ಹಂಟರ್ ಎಂಬ ಶಸ್ತ್ರವೈದ್ಯನ ಬಳಿ ನುಂಗುವ ಸ್ನಾಯುಗಳೇ ಸತ್ತಂತಾದ ರೋಗಿಯೊಬ್ಬ ಬಂದ. ಹಂಟರ್ ಹಾವುಮೀನಿನ ಚರ್ಮವನ್ನು ಕೊಳವೆಯಾಗಿಸಿ, ತಿಮಿಂಗಿಲದ ಬಾಯಿಯ ಬಳುಕುವ ಪಟ್ಟಿಯ ಆಸರೆ ಕೊಟ್ಟು ಗಂಟಲಿಗೆ ಇಳಿಸಿದ. ಇನ್ನೊಂದು ತುದಿಗೆ ಪ್ರಾಣಿಯ ಮೂತ್ರಕೋಶದ ಚೀಲ. ಅದನ್ನು ಹಿಂಡಿ ಹಾಲು, ಕಲಕಿದ ಮೊಟ್ಟೆ, ಜತೆಗೆ ಔಷಧಿಯನ್ನೂ ಹೊಟ್ಟೆಗೆ ಸೇರಿಸಿದ. ರೋಗಿ ಮತ್ತೆ ನುಂಗುವಂತಾದ. ಹಾವುಮೀನಿನ ವಿಷಯ ಅಕ್ಕನಿಗೆ ಹೇಳಲಿಲ್ಲ. ಮಡಿ ಹೆಂಗಸು.

ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ 'ರೈಲ್ಸ್ ಟ್ಯೂಬ್' ಬಂದದ್ದು 1921ರಲ್ಲಿ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ರೈಲ್ ಅದನ್ನು ಮಾಡಿದ್ದು ಉಣಿಸುವುದಕ್ಕಲ್ಲ. ರೋಗಿಗೆ ಗಂಜಿ ಕುಡಿಸಿ, ಹೊಟ್ಟೆಯ ರಸವನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದು ಪರೀಕ್ಷಿಸುವುದಕ್ಕೆ. ಗಂಜಿ ಹೊರಗೆ ತರಲು ಹುಟ್ಟಿದ ನಳಿಕೆಯಲ್ಲಿ ನಾವು ಗಂಜಿ ಒಳಗೆ ಕಳಿಸುತ್ತಿದ್ದೇವೆ. ಈ ರೈಲ್ ಅವರ ತಮ್ಮ ಗಿಲ್ಬರ್ಟ್ ರೈಲ್, ಮನಸ್ಸೂ ದೇಹವೂ ಬೇರೆ ಬೇರೆ ಎಂಬ ವಾದವನ್ನು ಬೆನ್ನಟ್ಟಿ ಹೊಡೆದ ತತ್ವಜ್ಞಾನಿ. ಓದುವಾಗ ಅಷ್ಟೇನೂ ಒಪ್ಪಿರಲಿಲ್ಲ. ಅಣ್ಣ ಎರಡು ತಿಂಗಳು ಮೂಗಿನಲ್ಲಿದ್ದ ಮೇಲೆ ತಮ್ಮ ಹೇಳಿದ್ದು ಸರಿ ಎನಿಸಿತು.

ಆದರೆ ಆ ದಿನಗಳಲ್ಲಿ ನಾನು ನಿಜಕ್ಕೂ ಜತೆ ಮಾಡಿಕೊಂಡದ್ದು ಸಿಗ್ಮಂಡ್ ಫ್ರಾಯ್ಡನನ್ನು. 1923ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಅವನ ಬಾಯಲ್ಲಿ ಕ್ಯಾನ್ಸರ್ ಕಂಡಿತು. ಅಕ್ಟೋಬರಿನಲ್ಲಿ ಹಾನ್ಸ್ ಪಿಖ್ಲರ್ ಎಂಬ ಶಸ್ತ್ರವೈದ್ಯ ಬಲಗಡೆಯ ಮೇಲ್ದವಡೆಯನ್ನೂ ಅಂಗಳವನ್ನೂ ಬಹುಪಾಲು ತೆಗೆದುಹಾಕಿದ. ಕೆಲವು ದಿನ ಮಾತಿಲ್ಲ, ಊಟ ಮೂಗಿನ ನಳಿಕೆಯಲ್ಲಿ. ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇಲ್ಲದ್ದರಿಂದ ಆ ತೂತು ಮುಚ್ಚಲು ದೊಡ್ಡ ಕೃತಕ ದವಡೆ ಬೇಕಾಯಿತು. ಮನೆಯವರು ಅದಕ್ಕೆ 'ರಾಕ್ಷಸ' ಎಂದು ಹೆಸರಿಟ್ಟರು. ಹಾಕಿದರೆ ಉಜ್ಜಿ ಹುಣ್ಣಾಗುತ್ತದೆ, ತೆಗೆದಿಟ್ಟರೆ ತಿನ್ನಲಾಗದು, ಮಾತಾಡಲಾಗದು. ಒಮ್ಮೆ ಅವನೂ ಮಗಳು ಅನ್ನಾಳೂ ಅರ್ಧ ಗಂಟೆ ಹೆಣಗಿದರೂ ಅದು ಕೂರದೆ ವೈದ್ಯನನ್ನೇ ಕರೆಸಬೇಕಾಯಿತಂತೆ. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು. ಚುಟ್ಟಾ ಮಾತ್ರ ಬಿಡಲಿಲ್ಲ. ಇಷ್ಟು ದೊಡ್ಡ ಮನಶ್ಶಾಸ್ತ್ರಜ್ಞನಿಗೂ ಅದು ಬಿಡಲಿಲ್ಲವೆಂದರೆ, ನಮ್ಮ ಕಡೆ ಹೊಗೆಸೊಪ್ಪಿನ ಕವಳ ಹಾಕುವವರನ್ನು ಬೈಯುವ ಮುಂಚೆ ಯೋಚಿಸುತ್ತೇನೆ. ನಾನೂ ಹಾಕಿದವನೇ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇವ್ಯಾವುದೂ ಅಲ್ಲ. ಆ ಮೇಲೆ ಫ್ರಾಯ್ಡ್ ಅತಿಥಿಗಳ ಜತೆ ಊಟಕ್ಕೆ ಕೂರುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟ. ಜಗತ್ತಿನ ಸಂಕೋಚಗಳನ್ನೆಲ್ಲ ಬಿಚ್ಚಿ ತೋರಿಸಿದವನಿಗೆ ತನ್ನ ಬಾಯಿ ಅಲುಗುವುದನ್ನು ಇನ್ನೊಬ್ಬರು ನೋಡುವುದು ಬೇಡವಾಗಿತ್ತು. ನಾನೂ ಕೋಣೆಯ ಬಾಗಿಲು ಹಾಕಿಕೊಂಡೇ ಗಂಜಿ ಕುಡಿಯುತ್ತಿದ್ದೆ. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ. ಪ್ರತಿ ಗುಟುಕಿಗೂ ಗಲ್ಲವನ್ನು ಎದೆಯ ಕಡೆ ಬಗ್ಗಿಸಿ, ಬಲ ಹಾಕಿ ನುಂಗಿ, ಕೆಮ್ಮಿ, ಮತ್ತೆ ನುಂಗಬೇಕು. ನುಂಗಲು ಕಲಿಸಿದ ಥೆರಪಿಸ್ಟ್ ಹುಡುಗಿ ಹಾಗೆ ಹೇಳಿದ್ದಳು. ಹೊರಗೆ ತಟ್ಟೆಗಳ ಸದ್ದು, ಸಾರಿನ ಒಗ್ಗರಣೆ, ಮಕ್ಕಳ ಜಗಳ.

ಕುವೆಂಪು ಕನ್ನಡದಲ್ಲಿ ಜೀವನಚರಿತ್ರೆ ಬರೆದ ಶ್ರೀರಾಮಕೃಷ್ಣರಿಗೂ ಗಂಟಲಿನ ಕ್ಯಾನ್ಸರ್. 1886ರ ಆಗಸ್ಟ್ 16ರಂದು ಕಾಶೀಪುರದಲ್ಲಿ ತೀರಿಕೊಂಡರು. ಸ್ವಲ್ಪವಾದರೂ ನುಂಗುವಂತೆ ದೇವಿಯನ್ನು ಬೇಡಿಕೊಳ್ಳಿ ಎಂದು ನರೇಂದ್ರ ಒತ್ತಾಯ ಮಾಡಿದಾಗ, ಇಷ್ಟೊಂದು ಬಾಯಿಗಳಿಂದ ತಿನ್ನುತ್ತಿರುವವನೂ ನೀನೇ ಅಲ್ಲವೆ ಎಂದು ತಾಯಿ ಕೇಳಿದಳು ಎಂದರಂತೆ. ಹುಡುಗನಾಗಿದ್ದಾಗ ಈ ಕಥೆ ಕೇಳಿ ಮೈ ಜುಮ್ಮೆಂದಿತ್ತು. ಈಗ ಮುಚ್ಚಿದ ಬಾಗಿಲಿನ ಹಿಂದೆ ಕೂತು ಅದನ್ನೇ ನೆನೆದರೆ ಸಿಟ್ಟು ಬರುತ್ತಿತ್ತು. ನಾನು ಪರಮಹಂಸನಲ್ಲ. ಆ ಬಾಯಿಗಳಲ್ಲಿ ನನ್ನದೂ ಒಂದು ಇರಬೇಕಿತ್ತು.

ಆ ಬೆಳಗಿನ ಮಾತ್ರೆ ಕೊನೆಗೆ ಇಳಿದದ್ದು ನೀರಿನಿಂದಲ್ಲ. ಅಕ್ಕ ಕಳಿತ ಬಾಳೆಹಣ್ಣನ್ನು ನುಣ್ಣಗೆ ಕಿವುಚಿ ಒಂದು ಚಮಚ ಬಾಯಿಗಿಟ್ಟಳು. ಗಲ್ಲ ಬಗ್ಗಿಸಿ ನುಂಗಿದೆ. ಹಣ್ಣು ಹೋಯಿತು, ಜತೆಗೆ ಮಾತ್ರೆಯೂ ಹೋಯಿತು. ಅಕ್ಕನ ಮಗಳು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ನನಗೆ ಹೇಗೋ ಆಯಿತು. ಅವಳಿಗೇನೂ ಆಗಿರಲಿಲ್ಲ.

ಮಧ್ಯಾಹ್ನ ಅವಳು ಬಂದು, 'ಮಾವ, ನನ್ನ ಪಕ್ಕ ಮಣೆ ಹಾಕಿದೀನಿ' ಎಂದಳು. ಹೋದೆ. ಎಲ್ಲರಿಗೂ ಅನ್ನ, ಸಾರು. ನನಗೆ ಲೋಟದಲ್ಲಿ ತಿಳಿಗಂಜಿ. ಅವರು ಮಜ್ಜಿಗೆಗೆ ಬಂದಾಗ ನನ್ನದು ಇನ್ನೂ ಅರ್ಧ ಉಳಿದಿತ್ತು. ಅಕ್ಕ ಎಲೆ ಎತ್ತಲಿಲ್ಲ. ಉಪ್ಪಿನಕಾಯಿ ನೆಕ್ಕುತ್ತ ಮಗಳು ಶಾಲೆಯ ಯಾವುದೋ ಜಗಳದ ಕಥೆ ಹೇಳುತ್ತಲೇ ಇದ್ದಳು, ನನ್ನ ಲೋಟ ಖಾಲಿಯಾಗುವವರೆಗೆ.