ಬಾಗಿಲಲ್ಲಿ ಕೂತ ತಗಾದೆ

ತಗಾದೆ ಎಂಬ ಮಾತನ್ನು ಇಂದು ನಾವು ತಕರಾರು, ಜಗಳ ಎಂಬ ಅರ್ಥದಲ್ಲಿ ಆಡುತ್ತೇವೆ. ಅರಬ್ಬಿಯಿಂದ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಈ ಮಾತಿನ ಹಳೆಯ ಅರ್ಥ, ಕೊಟ್ಟ ಸಾಲವನ್ನು ಮರಳಿ ಕೇಳುವುದು. ಕೇಳುವುದು ಜಗಳವಾದ ಬಗೆಯನ್ನು ನಾನು ಚಿಕ್ಕಂದಿನಲ್ಲಿ ಕಕ್ಕೇರಾದ ಓಣಿಯೊಂದರಲ್ಲಿ ಕಂಡಿದ್ದೇನೆ. ಸಾವುಕಾರರ ಆಳೊಬ್ಬ ಮುಂಜಾನೆ ಬಂದು ನೆರೆಮನೆಯ ಕಟ್ಟೆಯ ಮೇಲೆ ಕೂತ. ಬೈಯಲಿಲ್ಲ, ಕೈಮಾಡಲಿಲ್ಲ, ಹಾದುಹೋಗುವವರೊಡನೆ ಮಳೆಬೆಳೆಯ ಮಾತಾಡುತ್ತ ಕೂತ, ಅಷ್ಟೆ. ಒಳಗಿದ್ದ ಹೆಣ್ಣುಮಕ್ಕಳು ಸಂಜೆಯ ತನಕ ನೀರಿಗೂ ಹೊರಗೆ ಬರಲಿಲ್ಲ.

ಅವನಿಗೆ ತಿಳಿಯದಿದ್ದರೂ ಅವನು ನಡೆಸಿದ್ದು ಪುರಾತನ ಪದ್ಧತಿ. ಹದಿಮೂರನೆಯ ಶತಮಾನದ ಕೊನೆಗೆ ದಕ್ಷಿಣವನ್ನು ಕಂಡ ಮಾರ್ಕೊ ಪೋಲೊ, ತಮಿಳು ಕರಾವಳಿಯಲ್ಲಿ ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದನೆಂದರೆ, ಹಣಕ್ಕೆ ದಾರಿ ಮಾಡದೆ ಅವನು ಆ ಗೆರೆ ದಾಟುವಂತಿರಲಿಲ್ಲ ಎಂದು ಹೇಳಿದ್ದಾನೆ. ದೊರೆಯೇ ಹಾಗೆ ಸಿಕ್ಕಿಕೊಂಡದ್ದನ್ನು ಕಂಡೆನೆನ್ನುತ್ತಾನೆ. ನಂಬುವುದು ಬಿಡುವುದು ಕೇಳುಗರಿಗೆ ಸೇರಿದ್ದು. ಉತ್ತರದಲ್ಲಿ ಇದರ ಸೋದರಿಯೇ ಧರಣಿ. ಸಾಲ ಕೊಟ್ಟವನೋ ಅವನ ಪರವಾಗಿ ಬ್ರಾಹ್ಮಣನೊಬ್ಬನೋ ಬಾಗಿಲಲ್ಲಿ ಉಪವಾಸ ಕೂರುವುದು. ಕೂತವನು ಸತ್ತರೆ ಪಾಪ ಒಳಗಿದ್ದವನಿಗೆ. 1860ರ ಭಾರತೀಯ ದಂಡ ಸಂಹಿತೆಯ 508ನೆಯ ಕಲಮು ದೈವಕೋಪದ ಭಯ ಹುಟ್ಟಿಸಿ ಒಬ್ಬನಿಂದ ಕೆಲಸ ಮಾಡಿಸುವುದನ್ನು ಅಪರಾಧವೆಂದು ಸಾರಿ, ಬಾಗಿಲಲ್ಲಿ ಧರಣಿ ಕೂರುವುದನ್ನೇ ಉದಾಹರಣೆಯಾಗಿ ಕೊಟ್ಟಿತು. ದೇವರ ಭಯವನ್ನು ಕಾನೂನು ಗುರುತಿಸಿತು; ನೆರೆಹೊರೆಯ ಕಣ್ಣಿನ ಭಯವನ್ನು ಇನ್ನೂ ಗುರುತಿಸಿರಲಿಲ್ಲ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ಸಾವುಕಾರರ ಮೇಲೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯಿದೆ, ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕುವಂತಿಲ್ಲವೆಂದಿತು. ಮೊದಲು ನಾಲ್ಕು ಜಿಲ್ಲೆಗಳಿಗಿದ್ದುದು ಮುಂದೆ ಮುಂಬಯಿ ಪ್ರಾಂತದ ಉಳಿದೆಡೆಗೂ ಹಬ್ಬಿ, ವಿಜಾಪುರ ಜಿಲ್ಲೆಯ ಮುದ್ದೇಬಿಹಾಳದ ರೈತನನ್ನೂ ಕಾಯಿತು. ಅದಕ್ಕೆ ಹೊಂದಿಕೊಂಡ ಸುರಪುರ ಸೀಮೆ ನಿಜಾಮರದು. ಒಂದೇ ಎರೆಮಣ್ಣು, ಒಂದೇ ಬಿಳಿಜೋಳ. ಈ ಕಾಯಿದೆ ಮಾತ್ರ ಗಡಿ ದಾಟಲಿಲ್ಲ. ಹೈದರಾಬಾದಿನಲ್ಲಿ ಲೇವಾದೇವಿಗಾರರ ಕಾಯಿದೆ ಆದದ್ದು ಫಸಲಿ 1349ರಲ್ಲಿ, ಎಂದರೆ ಕ್ರಿ. ಶ. 1939-40ರ ಹೊತ್ತಿಗೆ.

ಸ್ವಾತಂತ್ರ್ಯಾನಂತರ, 1951ರ ಏಪ್ರಿಲ್ 1ರಂದು, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ನಮ್ಮ ಕಡೆಗೂ ಅನ್ವಯಿಸಿತು. ಅದರ 60ನೆಯ ಕಲಮನ್ನು ನಾನು ಸಾಹಿತ್ಯದ ವಿದ್ಯಾರ್ಥಿಯಾಗಿಯೇ ಓದಿದ್ದೇನೆ. ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಅಲ್ಲಿದೆ: ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣು ಬಿಟ್ಟಿರಲಾಗದ ಒಡವೆ, ಕಸುಬುದಾರನ ಹತಾರು, ರೈತನ ನೇಗಿಲು, ಅವನ ಜೀವನಕ್ಕೆ ಬೇಕಾದಷ್ಟು ದನ ಮತ್ತು ಬಿತ್ತನೆಯ ಕಾಳು. ಒಂದು ಬಡ ಮನೆಯೇ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಈ ಪಟ್ಟಿ ತಡೆದದ್ದು ಕೋರ್ಟಿನ ಅಮೀನನನ್ನು. ಕಟ್ಟೆಯ ಮೇಲೆ ಕೂತವನು ಯಾವ ವಸ್ತುವನ್ನೂ ಮುಟ್ಟಿರಲಿಲ್ಲವಲ್ಲ!

ಅವನನ್ನು ಕಂಡುಹಿಡಿದ ಕಾಯಿದೆಗಳೂ ಇದ್ದವು. 1934ರಲ್ಲಿ ಬಂಗಾಳವು ಕಾರ್ಖಾನೆಯ ಬಾಗಿಲಲ್ಲಿ ಕೂಲಿಗಾರನಿಗಾಗಿ ಹೊಂಚು ಹಾಕುವುದನ್ನು ನಿಷೇಧಿಸಿತು. 1946ರ ಮುಂಬಯಿ ಲೇವಾದೇವಿಗಾರರ ಕಾಯಿದೆ, ಸಾಲಗಾರನ ಬೆನ್ನು ಹತ್ತಿ ತಿರುಗುವುದನ್ನೂ ಅವನ ಮನೆಯ ಬಳಿ ಸುಳಿದಾಡುವುದನ್ನೂ ಪೀಡನೆಯೆಂದು ಹೆಸರಿಸಿತು.

ಕರ್ನಾಟಕದಲ್ಲಿ ಕಿರುಸಾಲದ ವಸೂಲಿಗೆ ಹೆದರಿ ಕುಟುಂಬಗಳು ಊರು ಬಿಟ್ಟ, ಕೆಲವರು ಜೀವವನ್ನೇ ಬಿಟ್ಟ ಸುದ್ದಿಗಳ ನಡುವೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಆಮೇಲೆ ಸಹಿ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ. ಅದಕ್ಕೂ ಮೊದಲು, 2022ರಲ್ಲಿ, ರಿಸರ್ವ್ ಬ್ಯಾಂಕು ಕಿರುಸಾಲದ ಕಂತನ್ನು ಇಬ್ಬರೂ ಒಪ್ಪಿದ ಜಾಗದಲ್ಲಿ ವಸೂಲು ಮಾಡಬೇಕು, ಬೆಳಿಗ್ಗೆ ಒಂಬತ್ತರ ಮೊದಲು, ಸಂಜೆ ಆರರ ನಂತರ ಕರೆ ಮಾಡಕೂಡದು ಎಂದಿತ್ತು.

ಈ ನಿಯಮಗಳೆಲ್ಲ ಹೊರಗಿನಿಂದ ಬರುವ ವಸೂಲಿಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಗುಂಪು ಸಾಲದಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಈಚೆಗೆ ಊರಿಗೆ ಹೋದಾಗ ಅದೇ ಓಣಿಯಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ನಾಲ್ವರು ಹೆಂಗಸರು ಕೂತಿದ್ದರು. ಬಾಗಿಲು ಮುಚ್ಚಿತ್ತು. ಅವರಲ್ಲೊಬ್ಬಾಕೆ ಪಕ್ಕದ ಮನೆಯವಳೇ. "ನಾವೇನ್ ಮಾಡ್ಬೇಕ್ರಿ ಸರ, ಆಕಿ ಕಟ್ಟಲಿಲ್ಲಂದ್ರ ನಾವು ಕಟ್ಬೇಕು" ಎಂದಳು. ಮಾತು ಮುಗಿದರೂ ಏಳಲಿಲ್ಲ.