ಲೆಕ್ಕ ಕೈಯಲ್ಲಿದ್ದರೆ ನೆಮ್ಮದಿ ಮನೆಯಲ್ಲಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಎಷ್ಟು ಸಾಲ ಕೊಟ್ಟೆವು, ಎಷ್ಟು ಠೇವಣಿ ಬಂತು ಎಂಬುದು ವರದಿಯಲ್ಲಿ ಇದ್ದೇ ಇರುತ್ತದೆ. ನಾನು ಹೇಳಹೊರಟಿರುವುದು ಬೇರೆ ಮಾತು. ನಾವು ಹಣ ಬಳಸುವ ರೂಢಿಗೂ ಮನೆಯ ನೆಮ್ಮದಿಗೂ ಇರುವ ನಂಟನ್ನು ಸಹಕಾರ ಚಳವಳಿಯ ಇತಿಹಾಸದಿಂದಲೇ ನೋಡೋಣ.

"ಕೈಯಲ್ಲಿ ದುಡ್ಡಿದ್ದರೆ ಸುಖ" ಅಂತ ಎಲ್ಲರೂ ಅಂತಾರೆ. ಇತಿಹಾಸ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿದ್ದರಿಂದ ಮುಂಬಯಿ ಪ್ರಾಂತದ ಹತ್ತಿಗೆ ಬಂಗಾರದ ಬೆಲೆ ಬಂತು. ಸಾಹುಕಾರರು ಕರೆದು ಕರೆದು ಸಾಲ ಕೊಟ್ಟರು, ರೈತರೂ ಪಡೆದರು. ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು. ಮೇಲಾಗಿ ಸರ್ಕಾರ ಭೂಕಂದಾಯ ಏರಿಸಿತು. ಸಾಲ ಮಾತ್ರ ಹಾಗೇ ಉಳಿದು ಬಡ್ಡಿ ಬೆಳೆಯಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ದಂಗೆ ಎದ್ದರು. ಅದು ಅಹಮದನಗರ ಜಿಲ್ಲೆಗೂ ಹಬ್ಬಿತು.

ದಂಗೆಯಲ್ಲಿ ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು, ಲೆಕ್ಕದ ವಹಿಗಳನ್ನು. ಸಿಕ್ಕಿದ್ದನ್ನೆಲ್ಲ ಸುಟ್ಟರು. ಯಾಕೆಂದರೆ ರೈತನ ಬದುಕಿನ ಲೆಕ್ಕ ಇದ್ದದ್ದು ಸಾಹುಕಾರನ ವಹಿಯಲ್ಲಿ. ಅಸಲೆಷ್ಟು, ಬಡ್ಡಿಯೆಷ್ಟು ಎಂದು ತಿಳಿಯಲು ಅವನ ಬಳಿ ಒಂದು ಚೀಟಿಯೂ ಇರುತ್ತಿರಲಿಲ್ಲ. 1879ರ ದಖನ್ ರೈತರ ಪರಿಹಾರ ಕಾಯ್ದೆಯಲ್ಲಿ ಕಟ್ಟಿದ ಹಣಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ, ಬೇಕೆಂದರೆ ಪಾಸ್‌ಬುಕ್ ಪಡೆಯುವ ಹಕ್ಕು ರೈತನಿಗೆ ಸಿಕ್ಕಿತು. ನಾವು ಇಂದು ಪೆಟ್ಟಿಗೆಯ ಮೂಲೆಗೆ ಎಸೆಯುವ ಪಾಸ್‌ಬುಕ್ಕಿನ ಹಿಂದೆ ಇಷ್ಟು ದೊಡ್ಡ ನೋವಿದೆ.

ಕಾಯ್ದೆಯೊಂದರಿಂದಲೇ ಸಾಲದ ಹೊರೆ ಇಳಿಯಲಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಇದು ಕನ್ನಡಿಗರೆಲ್ಲರ ಹೆಮ್ಮೆ.

ಆ ಕಾಯ್ದೆಯ ಒಂದು ನಿಯಮವನ್ನು ಗಮನಿಸಬೇಕು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಎಲ್ಲರೂ ತಲೆ ಕೊಡಬೇಕು. ಹಾಗಾಗಿ ಒಬ್ಬ ಸಾಲ ಕೇಳಿದರೆ "ಯಾತಕ್ಕಪ್ಪಾ ಸಾಲ? ಎತ್ತಿಗೋ, ಬೀಜಕ್ಕೋ? ಯಾವಾಗ ತೀರಿಸ್ತೀಯಾ?" ಅಂತ ನೆರೆಯವರು ಕೇಳಲೇಬೇಕಿತ್ತು. ಸಂಘ ಹಣ ಕೊಟ್ಟದ್ದು ಮಾತ್ರವಲ್ಲ, ಈ ಪ್ರಶ್ನೆ ಕೇಳುವುದನ್ನೂ ಕಲಿಸಿತು.

ಆದಾಯ ಹೆಚ್ಚಿದರೆ ಸಾಲ ತಾನೇ ಇಳಿಯುತ್ತದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಪಂಜಾಬಿನಲ್ಲಿ ಅಧಿಕಾರಿಯಾಗಿದ್ದ ಮಾಲ್ಕಂ ಡಾರ್ಲಿಂಗ್ 1925ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅಲ್ಲಿ ಭೂಮಿಯ ಬೆಲೆ ಏರಿದಂತೆ ಸಾಲವೂ ಏರಿದ್ದನ್ನು ತೋರಿಸಿದರು. ಸಾಲ ಸುಲಭವಾಗಿ ಸಿಕ್ಕಿತು, ಕೈ ಧಾರಾಳವಾಯಿತು.

ಇಂದು ಸಾಹುಕಾರನ ವಹಿ ಮೊಬೈಲಿಗೆ ಬಂದಿದೆ. ಬೆರಳು ಒತ್ತಿದರೆ ಸಾಲ. ಕಿರುಸಾಲ ಸಂಸ್ಥೆಗಳ ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸಾಲಗಾರರ ಕಾಟಕ್ಕೆ ಮನೆ ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅವರೆಲ್ಲ ದುಂದುಗಾರರೆಂದು ಯಾರೂ ಹೇಳಬಾರದು. ಮಳೆ, ಬೆಲೆ, ಕಾಯಿಲೆ ಯಾರ ಕೈಯಲ್ಲೂ ಇಲ್ಲ. ಆದರೆ ಲೆಕ್ಕ ನಮ್ಮ ಕೈಯಲ್ಲಿದೆ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಸುಗ್ಗಿಯಲ್ಲಿ ಹಣ ಬಂದಾಗ ಮೊದಲು ಒಂದು ಪಾಲು ಉಳಿತಾಯಕ್ಕೆ ಎತ್ತಿಡಿ. ಸಾಲ ಮಾಡುವಾಗ ಗಂಡ-ಹೆಂಡತಿ ಕೂತು ಮಾತಾಡಿ. ಬಚ್ಚಿಟ್ಟ ಸಾಲದಷ್ಟು ನಿದ್ದೆ ಕೆಡಿಸುವುದು ಮತ್ತೊಂದಿಲ್ಲ. ಮದುವೆ, ಜಾತ್ರೆ ಹಾಸಿಗೆ ಇದ್ದಷ್ಟೇ ಕಾಲು ಚಾಚುವಂತಿರಲಿ. ಕಂತು ತಪ್ಪುವ ಹಾಗಿದ್ದರೆ ನಾಚಿಕೆಪಡದೆ ಮುಂಚೆಯೇ ಸಂಘಕ್ಕೆ ಬಂದು ಹೇಳಿ.

ಹಿಂದಿನವರು ವಹಿ ಸುಟ್ಟು ನೆಮ್ಮದಿ ಹುಡುಕಬೇಕಾಯಿತು. ನಾವು ಬರೆದಿಟ್ಟು ಪಡೆಯೋಣ. ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ.