ಪಕ್ಷಪಾತಿ ಮಾಧ್ಯಮ ಮತ್ತು ಮಹಿಳಾ ಅಭ್ಯರ್ಥಿ (ಬೆಂಗಳೂರು ಹೊರವಲಯ)

ಪಕ್ಷವೊಂದರ ಕಡೆ ವಾಲಿದ ಪತ್ರಿಕೆ, ವಾಹಿನಿ, ವಾಟ್ಸ್‌ಆ್ಯಪ್ ಗುಂಪುಗಳು ಚುನಾವಣೆಗೆ ನಿಂತ ಹೆಣ್ಣಿನ ಬಗ್ಗೆ ಮತದಾರರಲ್ಲಿ ಮೂಡಿಸುವ ಅಭಿಪ್ರಾಯ. ಕರ್ನಾಟಕದಲ್ಲಿ ಮಾಧ್ಯಮದ ಒಡೆತನಕ್ಕೂ ರಾಜಕೀಯಕ್ಕೂ ನಂಟು ಹಳೆಯದು. ಕಸ್ತೂರಿ ವಾಹಿನಿಯನ್ನು ಕಟ್ಟಿದ್ದು ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಕುಟುಂಬ. ಸುವರ್ಣ ನ್ಯೂಸ್, ಕನ್ನಡಪ್ರಭಗಳ ಹಿಂದಿದ್ದದ್ದು ಬಿಜೆಪಿಯ ರಾಜೀವ್ ಚಂದ್ರಶೇಖರ್ ಸ್ಥಾಪಿಸಿದ ಜುಪಿಟರ್ ಕ್ಯಾಪಿಟಲ್. ಸಮಯ ವಾಹಿನಿ ಕೆಲಕಾಲ ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ ಅವರ ಕೈಯಲ್ಲಿತ್ತು.

ಈ ಭಾಗದ ಅತ್ಯಂತ ನೋವಿನ ಉದಾಹರಣೆ ಪೀಣ್ಯದ ಪಕ್ಕದ ರಾಜರಾಜೇಶ್ವರಿನಗರದ್ದು. 2020ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತ ಎಚ್. ಕುಸುಮಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಸುದ್ದಿಯಲ್ಲಿ ಅವರು ಮೊದಲಿಗೆ, ಬಹುಮಟ್ಟಿಗೆ ಕೊನೆಯವರೆಗೂ, 2015ರಲ್ಲಿ ತೀರಿಕೊಂಡ ಐಎಎಸ್ ಅಧಿಕಾರಿ ಡಿ.ಕೆ. ರವಿ ಅವರ ಪತ್ನಿ. ಗಂಡನ ಹೆಸರು ಬಳಸುವ ಹಕ್ಕು ಅವರಿಗಿದೆಯೇ ಎಂಬುದೇ ಚರ್ಚೆಯಾಯಿತು. ಕ್ಷೇತ್ರದ ರಸ್ತೆ, ನೀರು, ಕಸದ ಬಗ್ಗೆ ಅವರೇನು ಹೇಳುತ್ತಾರೆ ಎಂಬುದು ಹಿಂದೆ ಬಿತ್ತು. ಗಂಡನನ್ನು ಕಳೆದುಕೊಂಡ ಮಹಿಳಾ ಅಭ್ಯರ್ಥಿಗೆ ಮಾತ್ರ ಇಂಥ ಲೆಕ್ಕ ಒಪ್ಪಿಸಬೇಕಾಗುವುದು ಅನ್ಯಾಯ. ಆಗ ಸುಮಾರು 58 ಸಾವಿರ ಮತಗಳಿಂದ ಸೋತ ಅವರು 2023ರಲ್ಲಿ ಮತ್ತೆ ಸೋತರೂ ಅಂತರ 12 ಸಾವಿರದೊಳಗೆ ಇಳಿದಿತ್ತು. ಜನ ಅಭ್ಯರ್ಥಿಯನ್ನು ಕಣ್ಣಾರೆ ಕಂಡಷ್ಟೂ ಮಾಧ್ಯಮದ ಚಿತ್ರ ಮಸುಕಾಗುತ್ತದೆ ಎನ್ನಲು ಇದೊಂದೇ ಸಾಲದು, ಆದರೂ ಗಮನಿಸಬೇಕಾದ ಇಳಿಕೆ.

ಅದೇ 2023ರಲ್ಲಿ ವೈಟ್‌ಫೀಲ್ಡ್ ಸೇರಿದ ಮಹದೇವಪುರದಲ್ಲಿ ಬಿಜೆಪಿಯ ಮಂಜುಳಾ ಲಿಂಬಾವಳಿ ಗೆದ್ದರು. ನಗರದ 28 ಕ್ಷೇತ್ರಗಳಿಂದ ಆಯ್ಕೆಯಾದ ಏಕೈಕ ಮಹಿಳೆ. ಅವರೂ ಪರಿಚಯವಾದದ್ದು ಟಿಕೆಟ್ ತಪ್ಪಿದ ಶಾಸಕರ ಪತ್ನಿಯೆಂದು. ಎದುರಾಳಿ ಪಕ್ಷದವಳಾದರೆ ಇದು ಕುಟುಂಬ ರಾಜಕಾರಣ, ನಮ್ಮವಳಾದರೆ ಮನೆಮಗಳು.

ಪಕ್ಷನಿಷ್ಠೆ ಗಟ್ಟಿಯಿದ್ದ ಕಡೆ ಹೆಣ್ಣೆಂಬುದು ಹಿನ್ನೆಲೆಗೆ ಸರಿಯುವುದೂ ಉಂಟು. 2024ರಲ್ಲಿ ಉಡುಪಿ–ಚಿಕ್ಕಮಗಳೂರಿನಲ್ಲಿ ಸ್ವಪಕ್ಷದವರಿಂದಲೇ ‘ಗೋ ಬ್ಯಾಕ್’ ಕೂಗು ಕೇಳಿದ ಬಿಜೆಪಿಯ ಶೋಭಾ ಕರಂದ್ಲಾಜೆ, ಪೀಣ್ಯವಿರುವ ಬೆಂಗಳೂರು ಉತ್ತರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಮಾಧ್ಯಮವೇ ನೆರವಾದದ್ದೂ ಉಂಟು: ಅದಕ್ಕೂ ಹಿಂದೆ, 2004ರಲ್ಲಿ, ಆನೇಕಲ್ ಕಡೆಯನ್ನೂ ಒಳಗೊಂಡಿದ್ದ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ಎಚ್.ಡಿ. ದೇವೇಗೌಡರನ್ನು ಮಣಿಸಿದ ತೇಜಸ್ವಿನಿ ಸ್ವತಃ ಪತ್ರಕರ್ತೆ. ಮಾಧ್ಯಮದ ಮುಖಪರಿಚಯ ಅವರಿಗೆ ಬಲವಾಗಿತ್ತು.

ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಟೀಕಿಸಬಾರದೆಂದು ಮಾದರಿ ನೀತಿಸಂಹಿತೆ ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಹೇಳುತ್ತದೆ. ವಾಹಿನಿಯ ರಾಜಕೀಯ ಜಾಹೀರಾತಿಗೆ ಪೂರ್ವಾನುಮತಿ ಬೇಕು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಫಾರ್ವರ್ಡ್ ಮಾಡಿದ ಸಾಲಿಗೆ ಅಂಥ ಅನುಮತಿಯೇನೂ ಬೇಕಿಲ್ಲ.